ಗಂಟಕ್ಕನ ಡೇರೆ

ಹುಡುಗಿಯರ ಬೇಸಿಗೆ ಶಿಬಿರದಲ್ಲಿ ಡೇರೆ ಕಟ್ಟಲು ಕಲಿಸುತ್ತಿದ್ದ ಆಕೆಯನ್ನು ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು. ಹಗ್ಗದ ಗಂಟು ಬಾರದೆ ಅಳುವವರ ಪಕ್ಕ ಕೂತು ತಾಳ್ಮೆಯಿಂದ ಹೇಳಿಕೊಡುವಳು. ಆದರೆ ಯಾರ ಗಂಟನ್ನೂ ತಾನು ಹಾಕಿಕೊಡಳು. "ನಿನ್ನ ಡೇರೆ, ನಿನ್ನ ಗಂಟು" ಎನ್ನುವುದು ಅವಳ ಕಟ್ಟಳೆ. ಮನೆಯಲ್ಲಿ ಕುಡಿಯುವ ನೀರೂ ಕೈಗೇ ಬರಬೇಕು ಎನ್ನುತ್ತಿದ್ದವರು ವಾರ ಕಳೆಯುವುದರೊಳಗೆ ಬೆಟ್ಟ ಹತ್ತಿ, ಒಲೆ ಹೂಡಿ, ತಾವೇ ಕಟ್ಟಿದ ಡೇರೆಯೊಳಗೆ ಧೈರ್ಯವಾಗಿ ಮಲಗುತ್ತಿದ್ದರು.

ಈ ವರ್ಷ ಅವಳ ಬೆರಳುಗಳು ನಡುಗತೊಡಗಿದ್ದವು. ವಾಸಿಯಾಗುವ ಕಾಯಿಲೆಯಲ್ಲ ಎಂದಿದ್ದರು ಡಾಕ್ಟರು. ಯಾರಿಗೂ ತಿಳಿಯದ ಹಾಗೆ ಈ ಬೇಸಿಗೆಯೊಂದನ್ನು ದಾಟಿಸಪ್ಪಾ ದೇವರೇ ಎಂದು ಬೇಡಿಕೊಂಡೇ ಬಂದಿದ್ದಳು. ಸಂಜೆ ಗಾಳಿ ಎದ್ದಾಗ ಅವಳದೇ ಡೇರೆಯ ಹಗ್ಗ ಮತ್ತೆ ಮತ್ತೆ ಕೈಜಾರಿತು.

ಮೊದಲ ದಿನ ಅಮ್ಮ ಬೇಕೆಂದು ಅತ್ತಿದ್ದ ಪುಟ್ಟ ಹುಡುಗಿ ಅದನ್ನು ಕಂಡು ಓಡಿ ಬಂದಳು. "ಬಿಡಿ ಅಕ್ಕಾ, ನಾನು ಹಾಕ್ತೀನಿ."

"ನನ್ನ ಡೇರೆ, ನನ್ನ ಗಂಟು ಕಣೇ."

"ಗೊತ್ತು. ನೀವು ಪಕ್ಕ ಕೂತ್ಕೊಂಡು ಹೇಳ್ಕೊಡಿ. ಅಳಬಾರದು ಮತ್ತೆ!"

ಗಂಟಕ್ಕ ನಕ್ಕಳು. ಹುಡುಗಿಯ ಗಂಟು ಬಿಗಿಯಾಗಿ ಕೂತಿತು. ಅದನ್ನು ಸವರಿ ನೋಡಿದಾಗ, ಮುಂದಿನ ಬೇಸಿಗೆಗೆ ತಾನು ಬರಲಾರೆನೆಂದು ಅವಳಿಗೆ ಅರ್ಥವಾಯಿತು. ಹುಡುಗಿ ಬೆನ್ನು ತಿರುಗಿಸುವವರೆಗೂ ಕಣ್ಣೀರು ತಡೆದುಕೊಂಡಳು.