ಅರ್ಧ ವಡೆ

ಮದ್ದೂರು ಸ್ಟೇಷನ್ನಿನಲ್ಲಿ ವಡೆಯ ವಾಸನೆಗೆ ನಿಮಗೆ ಹಸಿವಾಗುತ್ತದೆ. ನನಗೆ ನನ್ನ ದೊಡ್ಡತನ ನೆನಪಾಗುತ್ತದೆ. ಇವತ್ತೂ ಹಾಗೇ ಆಯಿತು. ಮಂಡ್ಯಕ್ಕೆ ಮದುವೆಗೆ ಹೊರಟಿದ್ದೆವು. ಪಕ್ಕದಲ್ಲಿ ನಿಂಗರಾಜು, ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ದುಡಿದು ನಿವೃತ್ತನಾದ ನನ್ನ ಸಹಪಾಠಿ. ಜೊತೆಗೆ ಬಂದಿದ್ದ ಅವನ ಹೆಂಡತಿಗೆ ಎಲ್ಲ ಗೊತ್ತು. ಆದರೂ ನನ್ನ ಬಾಯಿಂದ ಕೇಳಲಿ ಎಂದು ಕತೆ ಶುರುಮಾಡಿದೆ. ನೀವೂ ಕೇಳಿ.

ನಾನು ಮಳವಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಕೆಮ್ಮು ಹಿಡಿಯಿತು. ಕಫ ಪರೀಕ್ಷೆಯಲ್ಲಿ ಕ್ಷಯ ಎಂದಾಯಿತು. ಮಾತ್ರೆ ಕೊಟ್ಟ ನರ್ಸಮ್ಮ, "ಎಚ್‌ಐವಿ ಟೆಸ್ಟೂ ಮಾಡಿಸ್ಕಬುಡಿ ಸಾ" ಎಂದಳು. ನಾನು ಎಂಥ ಮನುಷ್ಯ ಗೊತ್ತೇನಮ್ಮ ಎಂದು ಏರಿಹೋದೆ.

"ಟೀಬಿ ಬಂದೋರ್ಗೆಲ್ಲಾ ಮಾಡ್ತೀವಿ ಸಾ. ಅದಿದ್ರೆ ಇದು ಬೇಗ ಅಮರ್ಕತದೆ. ಕ್ರಿಮಿಗೆ ಮೇಷ್ಟ್ರು ಅಂತ ಮರ್ವಾದೆ ಇದ್ದದಾ?"

ಇದನ್ನೇ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಆದರೂ ಮಳವಳ್ಳಿಯಲ್ಲಿ ಯಾರಾದರೂ ನೋಡಿಯಾರೆಂದು ಏಪ್ರಿಲ್ ಬಿಸಿಲಿನಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಮದ್ದೂರಿನ ಬಸ್ಸು ಹತ್ತಿದೆ. (ಏಪ್ರಿಲ್ಲನ್ನು ಆಮೇಲೆ ಸೇರಿಸಿಕೊಂಡಿರಬಹುದು, ಕ್ಯಾಪು ಮಾತ್ರ ನಿಜ.) ಆಸ್ಪತ್ರೆಯ ಬೆಂಚಿನ ಮೇಲೆ ನಿಂಗರಾಜು! ಅವನಿಗೂ ಟೀಬಿ. ಯಾರೂ ನೋಡಬಾರದೆಂದು ಅವನೂ ಮಳವಳ್ಳಿ ದಾಟಿ ಬಂದಿದ್ದ.

"ಏನ್ಲಾ ಮೇಷ್ಟ್ರೇ, ಕೋಳಿ ಕದಿಯಕ್ ಬಂದಿದ್ದೀಯಾ?"

ನನಗೆ ಎಚ್‌ಐವಿ ಇರಲಿಲ್ಲ. ನಿಂಗರಾಜು ಹೊರಬಂದು ನೆಲ ನೋಡುತ್ತ ನಿಂತ. "ನಂಗೆ ಅದೂ ಅದೆ ಕಣ್ಲಾ. ಎರಡ್ಕೂ ಮಾತ್ರೆ ಅವಂತೆ. ಬಾ, ವಡೆ ತಿನ್ನವ."

ಬಸ್ ಸ್ಟ್ಯಾಂಡಿನಲ್ಲಿ ಒಂದು ವಡೆ ಮುರಿದು ಅರ್ಧ ನೀಡಿದ. ನಾನು ಹಿಂದೆಮುಂದೆ ನೋಡದೆ ತಿಂದೆ. ಹಂಚಿ ತಿಂದರೆ ಎಚ್‌ಐವಿ ಹರಡುವುದಿಲ್ಲ ಎಂಬ ಪಾಠ ಬಂದಾಗಲೆಲ್ಲ, ಹೆಸರು ಹೇಳದೆ, ಈ ಅರ್ಧ ವಡೆಯನ್ನು ಮಕ್ಕಳಿಗೆ ಬಡಿಸುತ್ತಿದ್ದೆ. ವರ್ಷ ವರ್ಷಕ್ಕೂ ನನ್ನ ಧೈರ್ಯ ಒಂದಿಷ್ಟು ಹೆಚ್ಚುತ್ತಿತ್ತು.

ಇಷ್ಟು ಕೇಳಿ ನಿಂಗರಾಜು ನಕ್ಕ. "ಎಲ್ಲಿ ತಿಂದ್ಯಲಾ? ನೀನು ಪೇಪರ್‌ನಲ್ಲಿ ಸುತ್ತಿ ಜೋಬಿಗಾಕಂಡೆ. ಆಮೇಲೆ ತಿಂತೀನಿ ಅಂದೆ. ಬಸ್ಸು ಒಂಟ ತಕ್ಷಣ ಕಿಟ್ಕಿಯಿಂದ ಬಿಸಾಕ್ದೆ. ನಾನು ಅಲ್ಲೇ ನಿಂತಿದ್ದೆ."

"ಸುಮ್ಕಿರಿ, ಪಾಪ ಮೇಷ್ಟ್ರು ಬೆವುರ್ತಾವ್ರೆ" ಎಂದರು ಅವನ ಹೆಂಡತಿ.

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಆ ಬಿಳಿ ಅಂಗಿ ನೆನಪಾಯಿತು. ಜೇಬಿನ ಮೇಲಿನ ಎಣ್ಣೆ ಕಲೆ ಎಷ್ಟು ಉಜ್ಜಿದರೂ ಹೋಗದೆಂದು ನನ್ನ ಹೆಂಡತಿ ಬೈಯುತ್ತಿದ್ದಳು. ಕಲೆ ನೆನಪಿತ್ತು, ವಡೆಯೂ ನೆನಪಿತ್ತು. ಎರಡನ್ನೂ ಒಂದು ಕಡೆ ಸೇರಲು ನಾನು ಬಿಟ್ಟಿರಲಿಲ್ಲ. ಅಷ್ಟಕ್ಕೂ ಅಂದು ಹೆದರಬೇಕಿದ್ದವನು ಅವನು. ರೋಗ ತಡೆಯುವ ಶಕ್ತಿ ಕುಂದಿದ್ದವನ ಪಕ್ಕ ಕೂತು, ಬಾಯಿಗೆ ಕೈ ಕೂಡ ಅಡ್ಡ ಹಿಡಿಯದೆ ಕೆಮ್ಮುತ್ತಿದ್ದವನು ನಾನು, ವಿಜ್ಞಾನದ ಮೇಷ್ಟ್ರು.

ಎದ್ದು ಹೋಗಿ ಒಂದು ವಡೆ ತಂದೆ. ಮುರಿದು, ದೊಡ್ಡ ಚೂರನ್ನೇ ನಿಂಗರಾಜುವಿಗೆ ನೀಡಿದೆ. ಅವನು ಅದನ್ನು ನಿಧಾನವಾಗಿ ಪೇಪರಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಬಿಟ್ಟ.

"ಆಮೇಲೆ ತಿಂತೀನಿ ಕಣ್ಲಾ."

ರೈಲು ಇನ್ನೂ ಬಂದಿಲ್ಲ. ಅವನ ಜೇಬಿನಲ್ಲಿ ಎಣ್ಣೆ ಹರಡುತ್ತಿರುವುದನ್ನು ನೋಡುತ್ತ ಕೂತಿದ್ದೇನೆ.