ತಿರುವಿಗೊಂದು ಬೆಲ್

ಇವತ್ತು ಬೆಳಿಗ್ಗೆ ಟಾರ್ಚಿನ ಸೆಲ್ ಹುಡುಕಲು ಮೇಜಿನ ಕೆಳಗಿನ ಡ್ರಾಯರ್ ಎಳೆದೆ. ಅದು ಸುಲಭವಾಗಿ ಬರುವ ಡ್ರಾಯರ್ ಅಲ್ಲ. ಮಳೆಗಾಲದಲ್ಲಿ ಉಬ್ಬಿಕೊಂಡು ಕೂತರೆ ದೀಪಾವಳಿಯ ತನಕ ಯಾರ ಮಾತನ್ನೂ ಕೇಳುವುದಿಲ್ಲ. ಸಿಟ್ಟಿನಿಂದ ಜಗ್ಗಿದೆ. ಒಳಗೆ ಹಿಂಬದಿಯಲ್ಲೆಲ್ಲೋ ‘ಟಿಣ್’ ಎಂದಿತು. ಒಂದೇ ಸಲ, ಆದರೆ ಸ್ಪಷ್ಟವಾಗಿ.

ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದ ಅಕ್ಕ ಅಲ್ಲಿಂದಲೇ ಕೇಳಿದಳು: “ಎಂತದೋ ಅದು ಶಬ್ದ?”

“ಏನಿಲ್ಲ. ಡ್ರಾಯರ್.”

ಡ್ರಾಯರ್ ಟಿಣ್ ಎನ್ನುವುದಿಲ್ಲವೆಂದು ಅಕ್ಕನಿಗೂ ಗೊತ್ತು, ನಿಮಗೂ ಗೊತ್ತು. ಅದು ಹಳೆಯ ಸೈಕಲ್ ಬೆಲ್. ಐದು ವರ್ಷದ ಹಿಂದೆ ಕೆಟ್ಟುಹೋಗಿದೆ ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡ ಬೆಲ್. ‘ಅದನ್ನ ಎಲ್ಲಾದ್ರೂ ಎಸಿ, ನಂಗೆ ನೋಡೋಕೂ ಇಷ್ಟ ಇಲ್ಲ’ ಎಂದು ಅಕ್ಕ ನನ್ನ ಕೈಗೆ ಕೊಟ್ಟಿದ್ದಳು. ನಾನು ಎಸೆಯಲಿಲ್ಲ. ಅದು ಕೆಟ್ಟಿಲ್ಲವೆಂದು ತಿಳಿದಿದ್ದ ಇಬ್ಬರಲ್ಲಿ ನಾನೊಬ್ಬ.

ಇನ್ನೊಬ್ಬರು ಭಾವ, ಅಕ್ಕನ ಗಂಡ. ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿರುವ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ನಮ್ಮ ಕಡೆ ರೈಟರ್ ಎಂದರೆ ಕೆಲಸದವರ ಹಾಜರಿ ಬರೆಯುವವರು. ತೋಟದ ಮೂಲೆಮೂಲೆಗೂ ಸೈಕಲ್‌ನಲ್ಲೇ ಹೋಗಿಬರುತ್ತಿದ್ದರು. ಅವರದೊಂದು ಅಭ್ಯಾಸ, ತಿರುವು ಬಂದರೆ ಸಾಕು, ಮೂರು ಸಲ ಬೆಲ್. ಎದುರಿಗೆ ಯಾರೂ ಇಲ್ಲದಿದ್ದರೂ ಮೂರು ಸಲ. ಇದು ಅವರೊಬ್ಬರ ಹುಚ್ಚಲ್ಲ. ತೋಟದೊಳಗಿನ ರಸ್ತೆಯಲ್ಲಿ ಜೀಪಿನವರು ತಿರುವಿನಲ್ಲಿ ಹಾರನ್ ಹೊಡೆಯುತ್ತಾರೆ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋಗುವ ಹೆಂಗಸರು ಕೆಲಸದವರ ಲೈನಿನ ಮನೆಗಳಿಂದ ಹೊರಡುವಾಗಲೇ ದೊಡ್ಡ ದನಿಯಲ್ಲಿ ಮಾತಾಡಿಕೊಂಡು ಹೊರಡುತ್ತಾರೆ. ಮಾತಿಗೆ ಜೊತೆಯಿಲ್ಲದವನು ಸುಮ್ಮನೆ ಕೆಮ್ಮುತ್ತಾನೆ. ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ, ನಾವು ಬರುವುದು ಅದಕ್ಕೆ ಮೊದಲೇ ತಿಳಿಯಬೇಕು.

“ಆನೆ ಕೆಟ್ಟದ್ದಲ್ಲ ಕಣೋ, ಗಾಬರಿ ಕೆಟ್ಟದ್ದು” ಎನ್ನುತ್ತಿದ್ದರು ಭಾವ. “ನಿನ್ನ ಮನೆಗೆ ಯಾರಾದ್ರೂ ಕದ ತಟ್ಟದೆ ನುಗ್ಗಿದ್ರೆ ನೀನು ಕಾಫಿ ಕೊಡ್ತೀಯಾ?”

ಈ ಮಾತನ್ನು ಅವರಿಂದ ಎಷ್ಟು ಸಲ ಕೇಳಿದ್ದೇನೋ. ಒಳ್ಳೆಯ ಮಾತು ಕೂಡ ನೂರನೇ ಸಲಕ್ಕೆ ಹಲ್ಲುನೋವಿನ ಹಾಗೆ ಆಗುತ್ತದೆ.

ನಾನು ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತೇನೆ. ಹಕ್ಕಿ ನೋಡಲು ಫ್ರಾನ್ಸಿನಿಂದ ಮಾರ್ಗೊ ಎಂಬ ನಿವೃತ್ತ ಟೀಚರ್ ಎರಡು ಚಳಿಗಾಲ ಬಂದು ಉಳಿದಿದ್ದರು. ತಮ್ಮ ಊರಿನ ಲ್ವಾರ್ ನದಿಯ ವಿಷಯ ತೆಗೆದರೆ ಅವರ ಮಾತು ನಿಲ್ಲುತ್ತಿರಲಿಲ್ಲ. ನದಿಯ ಪಕ್ಕದಲ್ಲೇ ದಾರಿಯಂತೆ. ಒಂದು ಬದಿ ನೀರು, ಇನ್ನೊಂದು ಬದಿ ದ್ರಾಕ್ಷಿ ತೋಟ. ಕಾರಿಲ್ಲ, ಬಸ್ಸಿಲ್ಲ, ಹಾರನ್ ಇಲ್ಲ. ದಿನಗಟ್ಟಲೆ ಸೈಕಲ್ ತುಳಿದರೂ ಚಕ್ರದ ಸದ್ದು ಬಿಟ್ಟರೆ ಬೇರೇನೂ ಕೇಳದಂತೆ. ಅದನ್ನು ಕೇಳಿ ಕೇಳಿ ನನಗೂ ಹುಚ್ಚು ಹತ್ತಿತು. ನಮ್ಮಲ್ಲೂ ನದಿಯಿದೆ, ತೋಟವಿದೆ. ವಾಹನವಿಲ್ಲದ, ಸದ್ದಿಲ್ಲದ ಒಂದು ಸೈಕಲ್ ದಾರಿ ಹುಡುಕಿಟ್ಟರೆ ನನ್ನ ಪ್ರವಾಸಿಗರು ಖುಷಿಪಡುತ್ತಾರೆ ಎಂದುಕೊಂಡೆ. ತೋಟದ ದಾರಿಗಳು ಭಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಬೆಳಿಗ್ಗೆ ಅವರನ್ನು ಹೊರಡಿಸಿದೆ.

ಮುಂದಿನದನ್ನು ನಡೆದಷ್ಟೇ ಹೇಳುತ್ತೇನೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಲಸಿನ ಕಾಲ. ಏಳು ಗಂಟೆ ಕಳೆದಿತ್ತು, ಮಂಜು ಇನ್ನೂ ಕರಗಿರಲಿಲ್ಲ. ಭಾವ ಮುಂದೆ, ನಾನು ಇಪ್ಪತ್ತು ಅಡಿ ಹಿಂದೆ. ಮೊದಲ ತಿರುವಿನಲ್ಲಿ ಅವರು ಮೂರು ಸಲ ಬೆಲ್ ಹೊಡೆದರು. ಎರಡನೆಯದರಲ್ಲೂ ಹೊಡೆದರು. ಆಗ ನಾನು ಹಿಂದಿನಿಂದ ಕೂಗಿದೆ: “ಭಾವ, ಸ್ವಲ್ಪ ಸುಮ್ನೆ ಬನ್ನಿ. ಸದ್ದಿಲ್ಲದ ದಾರಿ ಅಂತ ಜನರನ್ನ ಕರ್ಕೊಂಡು ಬರೋನು ನಾನು. ನೀವು ನೋಡಿದ್ರೆ ಊರಿಗೆಲ್ಲ ಡಂಗುರ ಸಾರ್ತಿದ್ದೀರಿ.”

ಅವರು ತಿರುಗಿ ನೋಡಲಿಲ್ಲ. ‘ಸರಿ’ ಎಂಬಂತೆ ಎಡಗೈ ಎತ್ತಿದರು. ಮೂರನೆಯ ತಿರುವಿನಲ್ಲಿ ಬೆಲ್ ಹೊಡೆಯಲಿಲ್ಲ.

ಅವರು ತಿರುವಿನ ಆಚೆ ಮರೆಯಾದರು. ಸೈಕಲ್ ಬಿದ್ದ ಸದ್ದು ಕೇಳಿತು. ನಾನು ಆ ತಿರುವು ದಾಟಿದಾಗ ಆನೆ ರಸ್ತೆಯ ನಡುವೆ ನಿಂತಿತ್ತು. ಅದರ ಕಾಲಬುಡದಲ್ಲಿ ಒಡೆದ ಹಲಸಿನ ಹಣ್ಣು. ಭಾವ ಚರಂಡಿಗೆ ಉರುಳಿ, ಕಾಫಿ ಗಿಡದ ಅಡಿಯಲ್ಲಿ ಮಗುಚಿ ಬಿದ್ದಿದ್ದರು. ಆನೆ ಸೈಕಲನ್ನು ಒಂದು ಕಾಲಿನಿಂದ ತಳ್ಳಿತು. ಮುಂದಿನ ಚಕ್ರ ಹಪ್ಪಳದಂತೆ ಮಡಚಿಕೊಂಡಿತು. ಅದು ಭಾವನ ಕಡೆ ನೋಡಿತೋ ನನ್ನ ಕಡೆ ನೋಡಿತೋ ತಿಳಿಯದು. ನಾನು ಹ್ಯಾಂಡಲ್ ಹಿಡಿದು ನಿಂತೇ ಇದ್ದೆ. ಕೂಗಲಿಲ್ಲ, ಓಡಲಿಲ್ಲ. ನಿಂತೇ ಇದ್ದೆ ಅಷ್ಟೆ. ಆಮೇಲೆ ಆನೆ ಎಡಕ್ಕೆ ಇಳಿದು ತೋಟದೊಳಗೆ ಹೋಯಿತು. ಗಿಡ ಮುರಿಯುವ ಸದ್ದು ದೂರವಾಗುವ ತನಕ ಕಾದೆ. ಚರಂಡಿಗೆ ಇಳಿಯಬೇಕಾದರೆ ಅಡ್ಡ ಬಿದ್ದ ಸೈಕಲನ್ನು ಸರಿಸಬೇಕಿತ್ತು. ಸರಿಸುವಾಗ ನನ್ನ ಹೆಬ್ಬೆರಳು ಬೆಲ್ಲಿಗೆ ತಗುಲಿತು. ಟ್ರಿಣ್ ಎಂದಿತು.

ಆನೆ ಭಾವನನ್ನು ಮುಟ್ಟಿರಲಿಲ್ಲ. ಬಿದ್ದ ಏಟಿಗೆ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅಕ್ಕ ಕೇಳಿದ ಮೊದಲ ಪ್ರಶ್ನೆ: “ಬೆಲ್ ಹೊಡೀಲಿಲ್ವಾ ನೀವು?”

“ಹೊಡ್ದೆ. ಅದು ಕೈಕೊಡ್ತು” ಎಂದರು ಭಾವ.

ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ನೋವಿಗೆ, ಔಷಧಿಗೆ ಅವರಿಗೆ ಎಲ್ಲ ಮರೆತಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಮರುವಾರ ಅಕ್ಕ ಆ ಬೆಲ್ ಮಾರಿದ್ದ ಸುಂಟಿಕೊಪ್ಪದ ಉಸ್ಮಾನ್ ಕಾಕನ ಸೈಕಲ್ ಶಾಪಿಗೆ ಹೋಗಿ, ಜನರೆದುರು, ‘ಜೀವ ತೆಗೆಯೋ ಸಾಮಾನು ಮಾರ್ತೀರಾ’ ಎಂದು ಬಂದಳು. ಕಾಕ ಹೊಸ ಬೆಲ್ ತೆಗೆದು ಕೊಡಹೋದರೂ ಮುಟ್ಟಲಿಲ್ಲವಂತೆ. ಅಂದಿನಿಂದ ಪಂಕ್ಚರ್ ಆದರೂ ದೂರದ ಕುಶಾಲನಗರಕ್ಕೇ ಹೋಗುತ್ತಾಳೆ.

ಸುದ್ದಿ ತಿಳಿದ ಮಾರ್ಗೊ ಪ್ರತಿ ತಿಂಗಳೂ ವಿಚಾರಿಸುತ್ತಿದ್ದರು. ಸೊಂಟಕ್ಕೆ ಸೈಕಲ್ ಒಳ್ಳೆಯದೆಂದು ಡಾಕ್ಟರ್ ಹೇಳಿದ ಮೇಲೆ, ‘ಇಬ್ಬರೂ ನಮ್ಮ ನದಿಗೆ ಬನ್ನಿ’ ಎಂದು ಹಟ ಹಿಡಿದರು. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಹೋದೆವು. ಭಾವನ ಚೀಲದಲ್ಲಿ ಅವಲಕ್ಕಿ, ಉಪ್ಪಿನಕಾಯಿ, ಮತ್ತು ಕುಶಾಲನಗರದಲ್ಲಿ ಅಕ್ಕ ಕೊಡಿಸಿದ ಹೊಸ ಬೆಲ್. ಬಾಡಿಗೆ ಸೈಕಲ್‌ಗೆ ಅದರದೇ ಪುಟ್ಟ ಬೆಲ್ ಇತ್ತು. ಭಾವ ಅದನ್ನು ಒಂದು ಸಲ ಒತ್ತಿ ನೋಡಿ, “ಇದು ಇಲಿಗೆ ಸಾಕು” ಎಂದು ಬಿಚ್ಚಿ ಜೇಬಿಗೆ ಹಾಕಿ, ನಮ್ಮದನ್ನು ಕಟ್ಟಿಕೊಂಡರು.

ಮಾರ್ಗೊ ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ಎರಡು ಸೈಕಲ್ ಪಕ್ಕಪಕ್ಕ ಹೋಗುವಷ್ಟು ಅಗಲದ, ಏರಿಲ್ಲದ ದಾರಿ. ಆರು ದಿನದಲ್ಲಿ ನಾನು ಕಂಡ ವಾಹನ ಒಂದೇ, ದಾರಿ ದಾಟುತ್ತಿದ್ದ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್. ನದಿ ಮರಳ ದಿಬ್ಬಗಳ ನಡುವೆ ಯಾವ ಅವಸರವೂ ಇಲ್ಲದೆ ಹರಿಯುತ್ತಿತ್ತು. ಇಂಥ ಮೌನವನ್ನು ನಾನು ಜೀವನದಲ್ಲೇ ಕೇಳಿರಲಿಲ್ಲ. ಕೇಳಲು ಭಾವ ಬಿಡಲೂ ಇಲ್ಲ.

ತಿರುವು ಬಂದರೆ ಮೂರು ಸಲ. ನದಿ ದಾರಿ ಎಂದರೆ ಬರೀ ತಿರುವು. ಎದುರಿನಿಂದ ಬರುವವರು ಏನೋ ಆಪತ್ತು ಎಂದುಕೊಂಡು ಸೈಕಲ್ ಇಳಿದು ಅಂಚಿಗೆ ಸರಿಯುತ್ತಿದ್ದರು. ಒಬ್ಬ ಮುದುಕಿ ತುರಿಕೆ ಸೊಪ್ಪಿನೊಳಗೇ ಹೋಗಿ ನಿಂತಳು. ಗಾಳ ಹಾಕಿ ಕೂತಿದ್ದ ಒಬ್ಬ ಎದ್ದು ಬಂದು, ಇದೇನು ಎಂದು ಮಾರ್ಗೊ ಹತ್ತಿರ ಕೇಳಿದ. ‘ಆನೆಗೆ’ ಎಂದು ಅವರು ವಿವರಿಸಿದಾಗ ಅವನು ನದಿಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. ಭಾವ ಅವನಿಗೆ ಕೈಮುಗಿದರು. ನಾನು ನನ್ನ ಶೂವಿನ ದಾರ ಕಟ್ಟಿಕೊಂಡೆ. ಅದು ಬಿಚ್ಚಿರಲಿಲ್ಲ.

ಬೆಲ್ ನಿಂತ ಕಡೆ ಟೀಕೆ ಶುರು. “ನೆರಳಿಗೆ ಒಂದು ಮರ ಇಲ್ಲ. ಕೆಲ್ಸದವರು ಎಲ್ಲಿ ಕೂತು ಬುತ್ತಿ ಬಿಚ್ತಾರೋ?” ದ್ರಾಕ್ಷಿ ತೋಟದವರ ಒಂದು ಮನೆಯಲ್ಲಿ ವೈನ್ ಕುಡಿದು: “ನಮ್ಮ ಕಡೆ ಹೋಂಮೇಡ್ ವೈನೇ ವಾಸಿ. ಇವರು ಸಕ್ಕರೆ ಹಾಕೋಕೆ ಮರ್ತಿದ್ದಾರೆ.” ಇದನ್ನು ಆ ಮನೆಯ ಯಜಮಾನನಿಗೆ ಅನುವಾದಿಸಿ ಹೇಳಬೇಕೆಂದು ಬೇರೆ ಹಟ.

ನಾಲ್ಕನೆಯ ದಿನ ಮಾರ್ಗೊ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಹೆಂಗಸು, ನೋಯಿಸಲು ಮನಸ್ಸಿಲ್ಲ. “ಇಲ್ಲಿ ಯಾವ ಅಪಾಯವೂ ಇಲ್ಲ. ಸ್ವಲ್ಪ ಸುಮ್ಮನೆ ಬರಲು ಅವರಿಗೆ ನೀನೇ ಹೇಳಬಾರದೇ?” ಎಂದರು.

ಆ ಒಂದು ಮಾತನ್ನು ಬಿಟ್ಟು ಬೇರೆ ಏನು ಹೇಳಲೂ ನಾನು ಸಿದ್ಧನಿದ್ದೆ. ಕಿವಿ ಚಿಟ್ಟು ಹಿಡಿದಿತ್ತು, ಮಾನ ಹೋಗಿತ್ತು. ಆದರೂ ‘ನೋಡೋಣ’ ಎಂದಷ್ಟೇ ಹೇಳಿ ಸೈಕಲ್ ಹತ್ತಿದೆ.

ಮಧ್ಯಾಹ್ನ ಒಂದು ತೋಟದ ಅಂಚಿನಲ್ಲಿ ಊಟಕ್ಕೆ ನಿಂತೆವು. ಸೊಂಟದೆತ್ತರದ ದ್ರಾಕ್ಷಿ ಗಿಡಗಳು, ಗೆರೆ ಎಳೆದಂಥ ಸಾಲುಗಳು. ಕೆಲವು ಸಾಲುಗಳ ತುದಿಯಲ್ಲಿ ಒಂದೊಂದು ಗುಲಾಬಿ ಗಿಡ. ಇದು ಯಾಕೆಂದು ಭಾವ ಕೇಳಿದರು. ರೋಗ ದ್ರಾಕ್ಷಿಗಿಂತ ಮೊದಲು ಗುಲಾಬಿಯಲ್ಲಿ ಕಾಣಿಸುತ್ತದೆ, ಹಿಂದಿನವರು ಅದಕ್ಕೇ ನೆಡುತ್ತಿದ್ದರು ಎಂದು ಮಾರ್ಗೊ ಹೇಳಿ ನೀರು ತರಲು ಹೋದರು.

ಭಾವನ ಮುಖ ಅರಳಿತು. “ನೋಡಿದ್ಯಾ? ಇವರೂ ಬೆಲ್ ಕಟ್ಟಿದ್ದಾರೆ.”

ಅವರ ಖುಷಿ ನೋಡಿ ನನಗೆ ತಡೆಯಲಾಗಲಿಲ್ಲ. “ಭಾವ, ಆವತ್ತು ಬೆಲ್ ಕೈಕೊಟ್ಟಿರಲಿಲ್ಲ. ಹೊಡೀಬೇಡಿ ಅಂದಿದ್ದು ನಾನು.”

ಅವರು ಅವಲಕ್ಕಿಯನ್ನು ಅಗಿದು ಮುಗಿಸಿದರು. “ನಂಗೆ ಹೇಳ್ತೀಯಲ್ಲೋ. ಕೇಳಿಸ್ಕೊಂಡೋನು ನಾನೇ ಅಲ್ವಾ?”

“ಮತ್ತೆ ಅಕ್ಕನ ಹತ್ರ...”

“ಬೆಲ್ ಕೆಟ್ರೆ ಬೆಲ್ ಬದಲಾಯಿಸ್ತಾಳೆ. ತಮ್ಮ ಕೆಟ್ರೆ ಏನ್ ಮಾಡ್ತಾಳೆ?” ಎಂದು ಬಾಟಲಿಯ ಮುಚ್ಚಳ ತಿರುಗಿಸಿದರು. “ಆದ್ರೆ ಆ ಕಾಕನ ವಿಷ್ಯ ಸರಿ ಹೋಗ್ಲಿಲ್ಲ. ಅವಳು ಅಷ್ಟು ದೂರ ಹೋಗ್ತಾಳೆ ಅಂತ ನಂಗೂ ಗೊತ್ತಿರ್ಲಿಲ್ಲ. ನಾನು ಒಂದ್ಸಲ ಹೇಳಿದ್ದನ್ನ ತಿದ್ದಲ್ಲ. ತಿದ್ದೋದಾದ್ರೆ ನೀನೇ ತಿದ್ದು.”

ಮುಂದಿನ ತಿರುವಿನಲ್ಲಿ ಮತ್ತೆ ಮೂರು ಸಲ ಹೊಡೆದರು. ಕ್ಷಮಿಸಿದವರು ಸ್ವಲ್ಪ ಮೆತ್ತಗಾಗುತ್ತಾರೆ ಎಂಬುದೆಲ್ಲ ಸುಳ್ಳು.

ತಿದ್ದಬೇಕೆಂದುಕೊಂಡು ಊರಿಗೆ ಬಂದೆ. ಪಿಕ್ಕಿಂಗ್ ಮುಗಿಯಲಿ ಎಂದೆ, ಮುಗಿಯಿತು. ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಎಂದೆ, ಬಂತು. ಪ್ರವಾಸಿಗರಿದ್ದಾಗ ಅಡುಗೆಗೆಂದು ಅಕ್ಕ ವಾರಕ್ಕೆ ಮೂರು ದಿನ ನನ್ನ ಮನೆಗೆ ಬರುತ್ತಾಳೆ. ಮೂರು ದಿನವೂ ನಾನು ಹವಾಮಾನದ ಬಗ್ಗೆ ಮಾತಾಡಿದೆ. ಇಂಥವನ ಮೇಲೆ ನಿಮಗೆ ರೇಗಿದರೆ ತಪ್ಪಿಲ್ಲ. ನನಗಂತೂ ದಿನಾ ರೇಗುತ್ತಿತ್ತು.

ಇವತ್ತು ಡ್ರಾಯರ್ ಟಿಣ್ ಎಂದಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬೆಲ್ ನನ್ನ ಅಂಗೈಯಲ್ಲಿತ್ತು. ಎರಡನೆಯ ತಿರುವು, ನಾನು ಕೂಗಿದ್ದು, ಭಾವ ಎತ್ತಿದ ಎಡಗೈ, ಎಲ್ಲವನ್ನೂ ಹೇಳಿದೆ. ಅವಳು ಬೆಲ್ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಟ್ರಿಣ್. ಮತ್ತೊಮ್ಮೆ ಒತ್ತಿದಳು. ಬೆಲ್ಲಿನ ಮೇಲೆ ಅಕ್ಕಿಹಿಟ್ಟು ಅಂಟಿತು.

“ರೊಟ್ಟಿ ಸೀಯ್ತಾ ಇದೆ” ಎಂದು ಒಳಗೆ ಹೋದಳು. ಪ್ರವಾಸಿಗರಿಗೆ ಬಡಿಸಿದಳು. ಕೈ ತೊಳೆದು, ಸೀರೆ ಬದಲಾಯಿಸಿ ಬಂದು, “ಸ್ಕೂಟರ್ ತೆಗಿ” ಎಂದಳು.

ಸುಂಟಿಕೊಪ್ಪದಲ್ಲಿ ಉಸ್ಮಾನ್ ಕಾಕ ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಅಕ್ಕನನ್ನು ಕಂಡು ಎದ್ದು ನಿಂತರು. ಅವಳು ಬೆಲ್ಲನ್ನು ಅವರೆದುರು ಇಟ್ಟಳು.

“ಕಾಕ, ಇದಕ್ಕೆ ಒಂಚೂರು ಎಣ್ಣೆ ಬಿಟ್ಟು ಕೊಡಿ. ಇವನ ಸೈಕಲ್‌ಗೆ ಹಾಕ್ಬೇಕು.”

ಕಾಕ ಗುರುತು ಹಿಡಿದರು. “ಇದು ಕೆಟ್ಟೋಗಿತ್ತಲ್ಲ ಅಕ್ಕ?”

“ಕೆಟ್ಟಿದ್ದು ಇದಲ್ಲ” ಎಂದು ಅಕ್ಕ ನನ್ನ ಕಡೆ ನೋಡಿದಳು. “ಇಷ್ಟು ವರ್ಷ ನಿಮ್ಮನ್ನ ಅಂದ್ಬಿಟ್ಟೆ. ತಪ್ಪಾಯ್ತು.”

ಕಾಕ ಬೆಲ್ ಕೈಗೆತ್ತಿಕೊಂಡರು. ಬೆಲ್ಲಿನ ಮುಚ್ಚಳ ಬಿಚ್ಚಿ, ಹಿಟ್ಟು ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ಹೊಡೆದು ನೋಡಿದರು. “ನಾನು ಆವತ್ತೇ ಹೇಳ್ದೆ, ಒಳ್ಳೆ ಬೆಲ್ ಅಂತ” ಎಂದು ನನಗೆ ಕೊಟ್ಟರು. ಅಕ್ಕನಿಗೆ ಕೂರಲು ಸ್ಟೂಲ್ ಎಳೆದು, ಎದುರಿನ ಹೋಟೆಲಿಗೆ ಮೂರು ಚಾ ಎಂದು ಬೆರಳು ತೋರಿಸಿದರು.

ಮನೆಗೆ ಬರುವ ದಾರಿಯಲ್ಲಿ, ಮೊದಲ ತಿರುವಿಗೆ ಮುಂಚೆ ಅಕ್ಕ ಹಿಂದಿನಿಂದ ನನ್ನ ಭುಜ ತಟ್ಟಿ “ಹಾರನ್” ಎಂದಳು. ನನ್ನ ಹೆಬ್ಬೆರಳು ಆಗಲೇ ಅದರ ಮೇಲಿತ್ತು. ಎರಡನೆಯ ತಿರುವಿನಲ್ಲೂ ತಟ್ಟಿದಳು, ಮೂರನೆಯದರಲ್ಲೂ. ನಮ್ಮ ಮನೆಯ ತನಕ ಹನ್ನೊಂದು ತಿರುವುಗಳಿವೆ. ಹನ್ನೊಂದು ಸಲವೂ ಹೇಳಿದಳು. ಸುಮ್ಮನಿರು ಎಂದು ನಾನು ಒಮ್ಮೆಯೂ ಹೇಳಲಿಲ್ಲ.