ಕಾಣದ ಬೆಳಕಿನ ಮೇಡಂ
ಲ್ಯಾಬಿಗೆ ಬಂದೊಡನೆ ಮೇಡಂ ಕಿಟಕಿಯ ಪರದೆ ಎಳೆಯುತ್ತಾರೆ. ಬೋರ್ಡುಗಳ ಮಾತಿನ ನಡುವೆ ಬಿಸಿಲು ಮೂಗು ತೂರಿಸುತ್ತದೆ ಅನ್ನುವುದು ಅವರ ದೂರು. ಎರಡು ಪುಟ್ಟ ಸರ್ಕ್ಯೂಟ್ ಬೋರ್ಡುಗಳು ತಂತಿಯಿಲ್ಲದೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ ಒಂದೊಂದೇ ಅಕ್ಷರ ದಾಟಿಸುವುದನ್ನು ಅವರು ಕಲಿಸುತ್ತಾರೆ. ಯಾರಾದರೂ ನಂಬದಿದ್ದರೆ ಮೊಬೈಲಿನ ಕ್ಯಾಮೆರಾ ಹಿಡಿದು, ಮಿನುಗುವ ನೇರಳೆ ಚುಕ್ಕಿ ತೋರಿಸಿ ಬಾಯಿ ಮುಚ್ಚಿಸುತ್ತಾರೆ. ಸ್ಕ್ರೀನಿನಲ್ಲಿ ಅಕ್ಷರಗಳು ಕಲಸುಮೇಲೋಗರವಾಗಿ ಬಂದರೂ ಗದರುವುದಿಲ್ಲ, "ಒಬ್ಬರು ಓಡ್ತಾ ಹೇಳಿ, ಇನ್ನೊಬ್ಬರು ತೆವಳ್ತಾ ಕೇಳಿದ್ರೆ ಹೇಗ್ರಪ್ಪಾ? ಇಬ್ಬರ ವೇಗಾನೂ ಒಂದು ಮಾಡಿ" ಅನ್ನುತ್ತಾರೆ. ಬೋರ್ಡುಗಳ ನಡುವೆ ಕೈ ಚಾಚಿದವರ ಮೇಲೆ ಮಾತ್ರ, ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕಿದಷ್ಟೇ ಮುನಿಸು. ಪಾರ್ಶ್ವವಾಯು ಬಡಿದು ತಮ್ಮ ಅಮ್ಮನ ಮಾತು ನಿಂತಾಗ, ಮೇಡಂ ಮಂಚದ ಪಕ್ಕ ಅಮ್ಮನ ಕೈಗೆಟುಕುವಂತೆ 'ನೀರು', 'ನೋವು', 'ಬಾ' ಎಂಬ ಮೂರು ಗುಂಡಿಗಳ ಪೆಟ್ಟಿಗೆ ಇಟ್ಟರು. ಒತ್ತಿದರೆ, ಕೋಣೆಯ ಬಾಗಿಲಿಗೆ ನೇರವಾಗಿ ಅಡುಗೆಮನೆಯಲ್ಲಿಟ್ಟ ಸ್ಕ್ರೀನಿನಲ್ಲಿ ಆ ಮಾತು ಅದೇ ಕಾಣದ ಬೆಳಕಿನಲ್ಲಿ ದಾಟಿ ಬಂದು ಮೂಡುತ್ತಿತ್ತು. "ಸಾಕಾಮ್ಮ?" ಎಂದು ಕೇಳಿದರು. ಅಮ್ಮ ಸಾಲದೆಂದು ತಲೆಯಾಡಿಸಿ, ಬೆರಳುಗಳನ್ನು ತುತ್ತಿನಂತೆ ಜೋಡಿಸಿ ಮಗಳ ಬಾಯಿಯತ್ತ ತೋರಿಸಿದರು. ಮೇಡಂ ಪೆಟ್ಟಿಗೆಗೆ ನಾಲ್ಕನೆಯ ಗುಂಡಿ ಕೂರಿಸಿದರು. ಅಂದಿನಿಂದ ಮೇಡಂ ಕೆಲಸ ಮುಗಿಸಿ ಬಂದು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಸ್ಕ್ರೀನಿನಲ್ಲಿ 'ಊಟ ಆಯ್ತಾ?' ಎಂದು ಮೂಡುತ್ತದೆ. ಅವರು ಬಡಿಸಿಕೊಂಡು ಹೋಗಿ, ಅಮ್ಮನಿಗೆ ಕಾಣುವ ಹಾಗೆ ಮಂಚದ ಎದುರೇ ಕೂತು ಉಣ್ಣುತ್ತಾರೆ.